ಅರಿಶಿನದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುವುದೇಕೆ

ಬಂಡೆಗಳ ಬಿಸಿ ಇನ್ನೂ ಆರಿರಲಿಲ್ಲ. ಎಲ್ಲಿ ಕೂರುವುದೆಂದು ತಿಳಿಯದೆ ಬೆಟ್ಟಗಳು ಅತ್ತಿತ್ತ ಸರಿದಾಡುತ್ತಿದ್ದವು. ಲೋಕ ಅಷ್ಟು ಹೊಸದು.

ಆಗ ನೀರೆಲ್ಲ ನೋಡಲು ಒಂದೇ ಥರ. ಸಿಹಿನೀರೂ ತಿಳಿ, ಹುಳಿನೀರೂ ತಿಳಿ, ಸುಣ್ಣದ ನೀರೂ ತಿಳಿ.

ಮಾಳವ್ವನಿಗೆ ಇಬ್ಬರು ಮಕ್ಕಳು. ದೊಡ್ಡವನು ಸೋಮ. ಒಂದು ದಿನ ಬಿಳಿ ಬಂಡೆಯ ಕೆಳಗಿನ ನೀರನ್ನು ಗಟಗಟ ಕುಡಿದ. ಅದು ಸುಣ್ಣದ ನೀರು. ಸೋಮ ಉಳಿಯಲಿಲ್ಲ.

ಅದಾದ ಮೇಲೂ ಮಾಳವ್ವ ನೀರಿಗೆ ಹೊರಟಾಗ ಮೂರು ಸೋರೆಬುರುಡೆ ಎತ್ತಿಕೊಳ್ಳುವಳು. ಬಾಗಿಲಲ್ಲಿ ನಿಂತು, ಒಂದನ್ನು ಮತ್ತೆ ಒಳಗಿಟ್ಟು ಬರುವಳು.

ಚಿಕ್ಕವಳು ಗಿರಿಜಿ. ಅವಳಿಗೆ ಕೊಡುವ ಮುಂಚೆ ಪ್ರತಿ ನೀರನ್ನೂ ಮಾಳವ್ವ ತಾನೇ ನೆಕ್ಕಿ ನೋಡುವಳು. ಹೀಗೆ ನೆಕ್ಕಿ ನೆಕ್ಕಿ ಅವಳ ನಾಲಿಗೆ ಸುಟ್ಟು ರುಚಿಯೇ ಹೋಗಿತ್ತು.

ಒಂದು ಬೆಳಿಗ್ಗೆ ಬೆಟ್ಟ ಮಗ್ಗುಲು ಬದಲಿಸಿತು. ಹಳೆಯ ಒರತೆ ಮುಚ್ಚಿಹೋಗಿ, ಪಕ್ಕದಲ್ಲೇ ಮೂರು ಹೊಸ ಒರತೆಗಳು ಎದ್ದವು.

"ಅವ್ವಾ, ಗಂಟಲು ಒಣಗ್ತಿದೆ," ಎಂದಳು ಗಿರಿಜಿ.

"ತಡಿ ಮಗಳೇ, ಮುಟ್ಟಬೇಡ!"

"ನನ್ನನ್ನ ಮುಟ್ಟಿ ನೋಡು ಮಾಳವ್ವಾ, ಎಷ್ಟು ನುಣುಪಾಗಿದ್ದೀನಿ," ಎಂದಿತು ಎಡಗಡೆಯ ಒರತೆ.

"ನುಣುಪಂತೆ ನುಣುಪು!" ಬಲಗಡೆಯ ಒರತೆ ಅಣಕಿಸಿತು. "ನಾನು ನಿಂಬೆಯ ಬೇರಿನಿಂದ ಬಂದವಳು. ಹಲ್ಲು ಜುಮ್ಮೆನ್ನಿಸಿ, ಹೇಳಿಯೇ ಒಳಗೆ ಹೋಗ್ತೀನಿ."

ನಡುವಿನ ಒರತೆ ತನ್ನ ಪಾಡಿಗೆ ಹರಿಯುತ್ತಿತ್ತು.

ಮಾಳವ್ವ ಯಾರ ಮಾತನ್ನು ನಂಬಬೇಕು? ಆಗ ಅವಳ ಮಡಿಲಿನಿಂದ ಒಂದು ಸಣ್ಣ ದನಿ ಬಂತು. ಅದು ಅವಳು ಆಗತಾನೆ ಅಗೆದು ತಂದಿದ್ದ ಅರಿಶಿನದ ಕೊಂಬು.

"ನನ್ನನ್ನ ತೇಯ್ದು ಸೆರಗಿಗೆ ಬಳಿ. ಸೆರಗನ್ನ ನೀರಿಗೆ ಅದ್ದು. ನಿನ್ನ ಬದಲು ನಾನು ರುಚಿ ನೋಡ್ತೀನಿ."

ಮಾಳವ್ವ ಕಲ್ಲಿನ ಮೇಲೆ ಕೊಂಬನ್ನು ತೇಯ್ದು ಸೆರಗಿನ ಅಂಚಿಗೆಲ್ಲ ಬಳಿದಳು. ಒಂದು ತುದಿಯನ್ನು ಎಡಗಡೆಯ ಒರತೆಗೆ ಅದ್ದಿದಳು.

ಹಳದಿ ತುದಿ ಕೆಂಪಾಯಿತು!

"ಅಯ್ಯೋ, ರಕ್ತ! ನಿನ್ನನ್ನೂ ಕೊಂದುಬಿಟ್ಟೆನಲ್ಲೋ!" ಮಾಳವ್ವ ಕೂಗಿಕೊಂಡಳು.

"ರಕ್ತ ಅಲ್ಲವ್ವಾ. ಇದು ಸುಣ್ಣ ಅಂತ ಹೇಳ್ತಿದ್ದೀನಿ, ಅಷ್ಟೇ."

ಎಡಗಡೆಯ ಒರತೆ ಸದ್ದಿಲ್ಲದೆ ಬಂಡೆಯ ನೆರಳಿಗೆ ಸರಿಯಿತು.

ಮಾಳವ್ವನಿಗೆ ಈಗ ಧೈರ್ಯ ಬಂತು. ಆ ಕೆಂಪು ತುದಿಯನ್ನು ಬಲಗಡೆಯ ಒರತೆಗೆ ಅದ್ದಿದಳು. ಕೆಂಪು ಮಾಯವಾಗಿ ಹಳದಿ ಮರಳಿತು. ಅದು ಹುಳಿ, ಸುಣ್ಣದ ಸೊಕ್ಕನ್ನು ಮುರಿಯಬಲ್ಲದ್ದು.

ಉಳಿದದ್ದು ನಡುವಿನದು. ಅವಳು ಸೆರಗಿನ ಇನ್ನೊಂದು ತುದಿಯನ್ನು ನೆರಳಿಗೆ ಸರಿದಿದ್ದ ಸುಣ್ಣದ ಒರತೆಗೆ ಅದ್ದಿ ಕೆಂಪಾಗಿಸಿದಳು. ಆಮೇಲೆ ಹಳದಿ ತುದಿ, ಕೆಂಪು ತುದಿ ಎರಡನ್ನೂ ನಡುವಿನ ಒರತೆಗೆ ಮುಟ್ಟಿಸಿದಳು. ಹಳದಿ ಹಳದಿಯಾಗಿಯೇ ಇತ್ತು, ಕೆಂಪು ಕೆಂಪಾಗಿಯೇ ಇತ್ತು.

"ಇದು ಸುಣ್ಣದ ಕಡೆಯೂ ಅಲ್ಲ, ಹುಳಿಯ ಕಡೆಯೂ ಅಲ್ಲ," ಎಂದಿತು ಅರಿಶಿನ. "ಕುಡಿಸವ್ವಾ."

ಗಿರಿಜಿ ಬುರುಡೆ ತುಂಬ ಕುಡಿದು, "ತಣ್ಣಗಿದೆ!" ಎಂದಳು. ಮಾಳವ್ವ ಅವಳ ಮುಖವನ್ನೇ ನೋಡುತ್ತಾ ಬಹಳ ಹೊತ್ತು ಕೂತಳು.

ಆಮೇಲೆ ಅರಿಶಿನವನ್ನು ಅಂಗೈಯಲ್ಲಿಟ್ಟು ಕೇಳಿದಳು. "ಸುಣ್ಣ ಎಲ್ಲೇ ಬರಲಿ, ಯಾವ ವೇಷದಲ್ಲೇ ಬರಲಿ, ನನ್ನಂಥ ತಾಯಂದಿರಿಗೆ ಹೇಳ್ತೀಯಾ?"

"ಹೇಳ್ತೀನಿ. ಅದರ ಬಳಗ ದೊಡ್ಡದು. ಬೂದಿನೀರು, ಚೌಳು ಮಣ್ಣು, ಮುಂದೆ ಹುಟ್ಟೋ ಸಾಬೂನು. ಯಾರೇ ಬಂದರೂ ಕೆಂಪಾಗ್ತೀನಿ. ಆದರೆ ಕೆಂಪಾಗಿಯೇ ಇರು ಅನ್ನಬೇಡ. ಹುಳಿ ಬಂದು ಮುಟ್ಟಿದರೆ ಮತ್ತೆ ಹಳದಿಯಾಗ್ತೀನಿ."

"ಹಾಗೇ ಆಗಲಿ," ಎಂದಳು ಮಾಳವ್ವ.

ಮರುದಿನ ಅವಳು ಮೂರು ಬುರುಡೆಗಳನ್ನೂ ಹೊರಗೆ ತಂದಳು. ಮೂರನೆಯದನ್ನು ನಡುವಿನ ಒರತೆಯಲ್ಲಿ ತುಂಬಿ, ಹೋಗಿಬರುವ ಮಕ್ಕಳಿಗೆಂದು ದಾರಿಯ ಪಕ್ಕ ಇಟ್ಟಳು.

ಅರಿಶಿನ ಕೊಟ್ಟ ಮಾತು ಇನ್ನೂ ತಪ್ಪಿಲ್ಲ. ನಿಮ್ಮ ಅಂಗಿಯ ಮೇಲೆ ಸಾರು ಚೆಲ್ಲಿ, ಆ ಹಳದಿ ಕಲೆಗೆ ಸಾಬೂನು ಉಜ್ಜಿದಾಗ ಅದು ಕೆಂಪಾಗುವುದು ಅದಕ್ಕೇ; ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಯಾಗುವುದೂ ಅದಕ್ಕೇ.