ಸರದಾರನ ಬಾಯಿಂದ ಒಂದು ಮಾತು

"ಉಸ್ತಾದ್, ನಮ್ಮ ಹಿರಿಯರನ್ನು ಹಡಗಿನಲ್ಲಿ ತಂದರು, ಮಾರಿದರು. ಕೊಂಡವರು ಕೈಗೆ ಕತ್ತಿ ಕೊಟ್ಟು ತಮ್ಮ ಯುದ್ಧಕ್ಕೆ ನಿಲ್ಲಿಸಿದರು. ಹಾಗಾದರೆ ನಮ್ಮವರಿಗೆ ಬಿಡುಗಡೆ ಕೊಟ್ಟವರು ಯಾರು?"

ಹೀಗೆ ಕೇಳಿದವನು ದಾವಲ. ಗರಡಿಯ ಕೆಮ್ಮಣ್ಣು ಇನ್ನೂ ಅವನ ಬೆನ್ನಿಗೆ ಅಂಟಿತ್ತು. ಅವನಿಗೆ ಕುಸ್ತಿಯ ಪಟ್ಟು ಕಲಿಸಿದವರು ಲಾಡ್ಲೇಸಾಬ ಉಸ್ತಾದರು. ಗುರು ಶಿಷ್ಯರಿಬ್ಬರೂ ಸಿದ್ದಿಗಳು, ಕಡಲಾಚೆಯಿಂದ ತಂದ ಕಪ್ಪು ಜನರ ವಂಶದವರು. ಉಸ್ತಾದರು ಕೈಯಲ್ಲಿದ್ದ ಗದೆಯನ್ನು ಗೋಡೆಗೆ ಒರಗಿಸಿ ಕೂತರು.

"ಇದನ್ನು ಕೇಳು," ಎಂದರು.

ಭೀಮಾ ತೀರದಲ್ಲಿ ಒಬ್ಬ ಸರದಾರನಿದ್ದ. ಸರದಾರನ ಬೆನ್ನ ಹಿಂದೆ ಒಬ್ಬ ಹಬಶಿ ಇದ್ದ. ಕಡಲಾಚೆಯಿಂದ ಬಂದ ಕಪ್ಪು ಸೈನಿಕರನ್ನು ಆಗ ಹಾಗೆ ಕರೆಯುತ್ತಿದ್ದರು. ಕೊಂಡವರು ಅವರಿಗೆ ತಮ್ಮ ಪೆಟ್ಟಿಗೆಯ ಒಡವೆಗಳ ಹೆಸರಿಡುತ್ತಿದ್ದರು. ಇವನಿಗೆ ಮರ್ಜಾನ್ ಎಂದು ಇಟ್ಟಿದ್ದರು. ಮರ್ಜಾನ್ ಎಂದರೆ ಹವಳ. ತಾಯಿ ಇಟ್ಟ ಹೆಸರು ಏನೆಂದು ಯಾರೂ ಕೇಳಿರಲಿಲ್ಲ.

ಹವಳವೇನು ಬಂತು, ಬೆಟ್ಟ ಅವನು! ಅವನು ಪಕ್ಕದಲ್ಲಿ ನಿಂತರೆ ಸರದಾರನಿಗೆ ಕೊಡೆ ಬೇಕಿರಲಿಲ್ಲ. ಅವನ ಕತ್ತಿಯನ್ನು ಸಾಣೆಗೆ ಒಯ್ಯಬೇಕಾದರೆ ಗಾಡಿ ಹೂಡುತ್ತಿದ್ದರು. ಒಮ್ಮೆ ಕೋಟೆಯ ಬಾಗಿಲು ಕಿತ್ತುಹೋಯಿತು. ಬಡಗಿ ಬರುವವರೆಗೆ ಮರ್ಜಾನನೇ ಬಾಗಿಲಾಗಿ ನಿಂತ. ವೈರಿಯ ಆನೆ ಬಂದು ತಳ್ಳಿತು. ಅವನು ಆನೆಗೆ ಚೆನ್ನಾಗಿ ಬೈದ. ಆನೆ ಕಿವಿ ಇಳಿಬಿಟ್ಟು ಹಿಂದಿರುಗಿತು. ಸುಳ್ಳಲ್ಲ, ಆನೆಗೂ ಮಾನವಿರುತ್ತದೆ.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಯಜಮಾನ ಸತ್ತರೆ ಅವನ ಹಬಶಿ ಸ್ವತಂತ್ರ. ಇಲ್ಲವಾದರೆ ಯಜಮಾನ ಬದುಕಿರುವಾಗಲೇ ನಾಲ್ಕು ಜನರ ಎದುರು ಬಾಯಿಬಿಟ್ಟು "ಇವನನ್ನು ಬಿಟ್ಟೆ" ಎನ್ನಬೇಕು. ಮೂರನೆಯ ದಾರಿ ಇರಲಿಲ್ಲ. ಯಾರು ಸತ್ತರೆ ತನಗೆ ಬಿಡುಗಡೆಯೋ ಅವನ ಜೀವವನ್ನೇ ಮರ್ಜಾನ್ ಹಗಲಿರುಳು ಕಾಯುತ್ತಿದ್ದ.

ಒಂದು ಯುದ್ಧದಲ್ಲಿ ಸರದಾರನ ಕುದುರೆ ಮುಗ್ಗರಿಸಿತು. ಸರದಾರ ನೆಲಕ್ಕೆ ಬಿದ್ದ, ಕಾಲು ಮುರಿಯಿತು. ಅವನ ಕಡೆಯವರು ದಿಕ್ಕಾಪಾಲಾಗಿ ಓಡಿದರು. ಮರ್ಜಾನ್ ಒಬ್ಬನೇ ಅವನ ಮೇಲೆ ಕಾಲು ಅಗಲಿಸಿ ನಿಂತ. ವೈರಿಯ ಸವಾರರು ಸುತ್ತುಗಟ್ಟಿದರು. ಅವರ ಮುಂದಾಳು ನಗುತ್ತ ಕೂಗಿದ.

"ಏ ಹಬಶಿ, ಹುಚ್ಚಪ್ಪಾ! ಒಂದೇ ಒಂದು ಹೆಜ್ಜೆ ಪಕ್ಕಕ್ಕೆ ಸರಿ. ಕೆಲಸ ನಮ್ಮದು, ಬಿಡುಗಡೆ ನಿನ್ನದು!"

"ನಿಮ್ಮ ಹತ್ತಿರ ದಾನ ಕೇಳಲು ಬಂದಿಲ್ಲ," ಎಂದ ಮರ್ಜಾನ್. "ಬನ್ನಿ, ಸಾಲಾಗಿ ಬನ್ನಿ. ನೂಕುನುಗ್ಗಲು ಬೇಡ, ಎಲ್ಲರಿಗೂ ಸಿಗುತ್ತದೆ!"

ಎಲ್ಲರಿಗೂ ಸಿಕ್ಕಿತು. ಅವನು ಕತ್ತಿ ಬೀಸಿದ ಗಾಳಿಗೇ ಮುಂದಿನ ಸಾಲಿನ ಪೇಟಗಳು ಹಾರಿದವು. ಎರಡನೆಯ ಬೀಸಿಗೆ ಪೇಟದ ಕೆಳಗಿದ್ದವು ಹಾರಿದವು. ಉಳಿದವರು ಕುದುರೆ ತಿರುಗಿಸಿದರು. ಆ ಕುದುರೆಗಳು ನಿಂತದ್ದು ಮರುದಿನ, ಪಕ್ಕದ ರಾಜ್ಯದಲ್ಲಿ.

ಡೇರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಸರದಾರ ಕೇಳಿದ. "ಮರ್ಜಾನ್, ನೀನು ಸರಿದಿದ್ದರೆ ಆಗಲೇ ಸ್ವತಂತ್ರನಾಗುತ್ತಿದ್ದೆ. ಯಾಕೆ ಸರಿಯಲಿಲ್ಲ?"

"ಹಾಗೆ ಬಿಡುಗಡೆಯಾಗಿದ್ದರೆ, ಕಾಯಬೇಕಾದವನೇ ಸಾಯಲು ಬಿಟ್ಟ ಅನ್ನುತ್ತಿದ್ದರು ಸಾಹೇಬ. ಹೋದಲ್ಲೆಲ್ಲ ಆ ಮಾತು ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ನನಗೆ ನಿಮ್ಮ ಸಾವು ಬೇಡ. ನಿಮ್ಮ ಬಾಯಿಂದ ಒಂದು ಮಾತು ಬೇಕು. ಈಗ ಹೇಳಿ. ನಾಲ್ಕು ಜನ ಇಲ್ಲೇ ಇದ್ದಾರೆ."

ಸರದಾರ ಆ ಬೆಟ್ಟದಂಥ ಮೈಯನ್ನು ನೋಡಿದ. ಇವನು ಹೋದರೆ ತನ್ನ ಬೆನ್ನಿಗೆ ಯಾರು ಎಂದು ಯೋಚಿಸಿದ.

"ಹೇಳುತ್ತೇನೆ. ಈ ಯುದ್ಧವೊಂದು ಮುಗಿಯಲಿ."

ಆ ಕಾಲದ ಯುದ್ಧಗಳು ಮುಗಿಯುತ್ತಿರಲಿಲ್ಲ, ಊಟಕ್ಕೆ ಏಳುತ್ತಿದ್ದವು ಅಷ್ಟೆ. ಸರದಾರ ಅವನಿಗೆ ರೇಷ್ಮೆಯ ಪೇಟ ಕೊಟ್ಟ, ಸೊಂಟಕ್ಕೆ ಬೆಳ್ಳಿಯ ಪಟ್ಟಿ ಕೊಟ್ಟ, ಕುದುರೆ ಕೊಟ್ಟ. ಕೇಳಿದ್ದನ್ನು ಮಾತ್ರ ಕೊಡಲಿಲ್ಲ. ಮರ್ಜಾನ್ ಪೇಟ ಸುತ್ತಿಕೊಂಡು, ಪಟ್ಟಿ ಕಟ್ಟಿಕೊಂಡು, ಕಾದ.

ಕಾಯುವವನನ್ನು ನೋಡಿದರೆ ಕೊಡದವನಿಗೆ ಭಯ. ಸರದಾರನ ಭಾವಮೈದುನ ಆ ಭಯಕ್ಕೆ ಎಣ್ಣೆ ಹೊಯ್ದ.

"ಭಾವ, ಒಂದು ಮಾತು ಕೇಳಲೇ? ನೀವು ಸತ್ತರೆ ಲಾಭ ಯಾರಿಗೆ? ಆ ಕತ್ತಿ ನಿಮ್ಮ ಬೆನ್ನಿನಿಂದ ಎಷ್ಟು ದೂರದಲ್ಲಿದೆ, ಎಂದಾದರೂ ನೋಡಿದ್ದೀರಾ?"

ಅಂದಿನಿಂದ ಮರ್ಜಾನನ ಎಡಕ್ಕೊಬ್ಬ ಬಲಕ್ಕೊಬ್ಬ ಭಂಟ ಬಂದರು. ಮರ್ಜಾನ್ ಸರದಾರನನ್ನು ಕಾಯಬೇಕು, ಭಂಟರು ಮರ್ಜಾನನನ್ನು ಕಾಯಬೇಕು. ಅವನ ಬಲಗೈ ಬಿಟ್ಟು ಬೇರೆ ಏನನ್ನೂ ನೋಡಕೂಡದೆಂದು ಅವರಿಗೆ ಅಪ್ಪಣೆಯಾಗಿತ್ತು. ಮರ್ಜಾನ್ ಮೂಗು ತುರಿಸಿಕೊಂಡರೂ ಇಬ್ಬರೂ ಕತ್ತಿ ಹಿರಿಯುತ್ತಿದ್ದರು.

"ಏನಪ್ಪಾ, ನನ್ನ ಕೈಯಲ್ಲಿ ಅಂಥದ್ದೇನು ಕಂಡಿರಿ? ಮದುವೆಗೆ ಹೆಣ್ಣು ನೋಡಿದಂತೆ ನೋಡುತ್ತೀರಿ!" ಎಂದು ಮರ್ಜಾನ್ ನಗುತ್ತಿದ್ದ. ಅವರು ನಗುತ್ತಿರಲಿಲ್ಲ.

ಮತ್ತೆ ಯುದ್ಧ ಬಂತು. ನಡುಹಗಲು, ಭೀಮೆಯ ಆಚೆ ದಡ. ತಮಟೆ, ಕಹಳೆ, ಧೂಳು! ಸರದಾರ ಕುದುರೆಯ ಮೇಲೆ, ಬೆನ್ನಿಗೆ ಮರ್ಜಾನ್, ಮರ್ಜಾನನ ಎರಡು ಬದಿಗೆ ಭಂಟರು. ಆಗ ಧೂಳಿನೊಳಗಿಂದ ಒಬ್ಬ ಈಟಿಯವನು ನೇರ ಸರದಾರನ ಎಡಪಕ್ಕೆಗೆ ಗುರಿಯಿಟ್ಟು ಬಂದ. ಮರ್ಜಾನ್ ಅದನ್ನು ಕಂಡ. ಅವನ ಕೈ ಕತ್ತಿಗೆ ಹೋಯಿತು.

ಭಂಟರು ಈಟಿಯನ್ನು ನೋಡಲೇ ಇಲ್ಲ. ಅವರು ಕಂಡದ್ದು ಆ ಕೈ.

"ತೆಗೆದ! ಕತ್ತಿ ತೆಗೆದ! ಹಿಡಿ, ಹಿಡಿಯೋ!"

ಇಬ್ಬರೂ ಒಟ್ಟಿಗೆ ಅವನ ತೋಳಿಗೆ ಜೋತುಬಿದ್ದರು. ಒಂದು ಉಸಿರಿನಷ್ಟು ತಡವಾಯಿತು. ಅಷ್ಟರಲ್ಲಿ ಈಟಿ ಸರದಾರನ ಪಕ್ಕೆಯಲ್ಲಿತ್ತು.

ಮರ್ಜಾನ್ ತೋಳು ಕೊಡವಿದ. ಒಬ್ಬ ಭಂಟ ಹೊಳೆಯಲ್ಲಿ ಬಿದ್ದ. ಇನ್ನೊಬ್ಬ ವೈರಿಯ ಅಡುಗೆಯವರ ನಡುವೆ, ಅನ್ನದ ಕೊಪ್ಪರಿಗೆಯಲ್ಲಿ ಬಿದ್ದ. ಈಟಿಯವನು ಎಲ್ಲಿ ಬಿದ್ದನೋ, ಇಂದಿಗೂ ಸಿಕ್ಕಿಲ್ಲ. ಮರ್ಜಾನ್ ಸರದಾರನನ್ನು ಹೆಗಲಿಗೆ ಹಾಕಿಕೊಂಡು ಹೊಳೆಗೆ ಹಾರಿದ.

ಇನ್ನು ಅವನಿಗೆ ಇದ್ದದ್ದು ಸರದಾರನ ಉಸಿರಿರುವಷ್ಟು ಹೊತ್ತು. ಆ ಉಸಿರು ನಿಂತರೆ ಮಾತು ಹೋಯಿತು. ಆಮೇಲೆ ಉಳಿಯುವುದು ಸಾವು ಕೊಡುವ ಬಿಡುಗಡೆ, ಅದರ ಜೊತೆಗೆ ಭಂಟರು ಹಬ್ಬಿಸುವ ಕತೆ.

"ಹೇಳಿ ಸಾಹೇಬ!" ಮರ್ಜಾನ್ ಕೂಗಿದ. ನೀರು ಎದೆಮಟ್ಟ, ತಲೆಯ ಮೇಲೆ ಬಾಣದ ಮಳೆ. ಅವನು ಬಾಣಗಳನ್ನು ಮೊಣಕೈಯಿಂದ ನೊಣದಂತೆ ಓಡಿಸುತ್ತಿದ್ದ. "ಹೊಳೆಯಲ್ಲಿ ನಮ್ಮವರೇ ಈಜುತ್ತಿದ್ದಾರೆ, ನಾಲ್ಕಲ್ಲ, ನಾನೂರು ಜನ. ಒಂದೇ ಮಾತು, ಹೇಳಿಬಿಡಿ!"

"ಮೊದಲು... ದಡ ಮುಟ್ಟಿಸು."

ಮರ್ಜಾನ್ ಹೊಳೆಯನ್ನು ಸೀಳಿಕೊಂಡು ನುಗ್ಗಿದ. ಅವನು ಹಾದುಹೋದ ಜಾಗದಲ್ಲಿ ನೀರು ಕೂಡಿಕೊಳ್ಳಲು ಸಂಜೆಯಾಯಿತು.

"ದಡ ಬಂತು ಸಾಹೇಬ! ಹೇಳಿ!"

ಸರದಾರ ಕಣ್ಣು ತೆರೆದ. ದೂರದಲ್ಲಿ ತನ್ನ ಡೇರೆ ಕಂಡಿತು. "ಡೇರೆಗೆ ಒಯ್ಯಿ... ಹಕೀಮನ ಮುಂದೆ ಇಳಿಸು. ಅಲ್ಲಿ ಹೇಳುತ್ತೇನೆ."

ಮರ್ಜಾನ್ ನಿಂತುಬಿಟ್ಟ. ಯುದ್ಧದ ನಟ್ಟನಡುವೆ, ಮರ ನಿಂತಂತೆ ನಿಂತ. ಒಂದು ಬಾಣ ಬಂದು ಅವನ ಹೆಗಲಿಗೆ ನಾಟಿತು. ಅವನಿಗೆ ತಿಳಿಯಲಿಲ್ಲ. ಆಮೇಲೆ ಅವನು ನಕ್ಕ. ಎಂಥ ನಗು! ಎರಡೂ ಕಡೆಯ ಕುದುರೆಗಳು ಕಿವಿ ನಿಮಿರಿಸಿದವು, ಕಹಳೆಯವನು ಊದುವುದನ್ನು ಮರೆತ. ಅಲ್ಲೇ ಕೈ ಸಡಿಲಿಸಿದ್ದರೆ ಕೇಳುವವರಿರಲಿಲ್ಲ. ಅವನು ಸಡಿಲಿಸಲಿಲ್ಲ. ಸರದಾರನನ್ನು ಹೆಗಲ ಮೇಲೆ ಸರಿಯಾಗಿ ಕೂರಿಸಿಕೊಂಡು ಓಡಿದ. ಮತ್ತೆ ಏನನ್ನೂ ಕೇಳಲಿಲ್ಲ.

ಡೇರೆಯಲ್ಲಿ ಅವನನ್ನು ಹಾಸಿಗೆಯ ಮೇಲೆ ಮೆಲ್ಲಗೆ ಇಳಿಸಿ, ತಲೆಯ ಕೆಳಗೆ ದಿಂಬು ಕೊಟ್ಟ. "ಗಾಯ ಎಡಗಡೆ. ಮೊನೆ ಇನ್ನೂ ಒಳಗಿದೆ, ನೋಡಿ," ಎಂದು ಹಕೀಮನಿಗೆ ಹೇಳಿದ. ರೇಷ್ಮೆಯ ಪೇಟ ಬಿಚ್ಚಿಟ್ಟ. ಬೆಳ್ಳಿಯ ಪಟ್ಟಿ ಬಿಚ್ಚಿಟ್ಟ. ಕತ್ತಿಯನ್ನು ಡೇರೆಯ ಕಂಬಕ್ಕೆ ಒರಗಿಸಿದ. ಕಂಬ ವಾಲಿತು.

"ಎಲ್ಲಿಗೆ?" ಎಂದ ಬಾಗಿಲಲ್ಲಿದ್ದ ಪಹರೆಯವನು.

"ಹೊರಗೆ," ಎಂದ ಮರ್ಜಾನ್.

ಹಾಡುಹಗಲಲ್ಲಿ ದಂಡಿನ ನಡುವೆಯೇ ನಡೆದುಹೋದ. ಹೆಗಲಲ್ಲಿ ಬಾಣ ಹಾಗೇ ಇತ್ತು. ಸರದಾರನ ಉಸಿರು ಇನ್ನೂ ಆಡುತ್ತಿತ್ತು, ಆದ್ದರಿಂದ ಕಟ್ಟಳೆಯ ಪ್ರಕಾರ ಅವನು ಓಡಿಹೋಗುತ್ತಿದ್ದ ಗುಲಾಮ. ಅವನನ್ನು ತಡೆಯುವ ಕೈ ಮಾತ್ರ ಆ ದಂಡಿನಲ್ಲಿ ಒಂದೂ ಏಳಲಿಲ್ಲ. ದಾರಿಯಲ್ಲಿ ಕಟ್ಟಿದ್ದ ಆನೆಗಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದವು.

ಅವನು ದಿಣ್ಣೆ ದಾಟಿದ ಮೇಲೆ ಸರದಾರ ಕಣ್ಣು ಬಿಟ್ಟ. ಹಕೀಮ, ಭಾವಮೈದುನ, ಹಿರಿಯ ದಳಪತಿ, ಪಹರೆಯವನು, ಸರಿಯಾಗಿ ನಾಲ್ಕು ಜನ ಸುತ್ತ ನಿಂತಿದ್ದರು.

"ಎಲ್ಲರೂ ಕೇಳಿ," ಎಂದ ಸರದಾರ. "ಮರ್ಜಾನನನ್ನು ಬಿಟ್ಟೆ."

"ಅವನಿಲ್ಲ, ಭಾವ," ಎಂದ ಭಾವಮೈದುನ.

ಸರದಾರ ಕೈಚಾಚಿ ತನ್ನನ್ನು ಹೊತ್ತು ತಂದ ಹೆಗಲನ್ನು ಹುಡುಕಿದ. "ಬಿಟ್ಟೆ," ಎಂದ. "ಮರ್ಜಾನ್, ಕೇಳಿಸಿತೇ? ಬಿಟ್ಟೆ." ಜೀವ ಹೋಗುವವರೆಗೆ ಅದೊಂದನ್ನೇ ಹೇಳುತ್ತಿದ್ದ.

ಅಷ್ಟು ಹೊತ್ತು ಮುಷ್ಟಿ ಬಿಗಿಹಿಡಿದು ಕೇಳುತ್ತಿದ್ದ ದಾವಲ ತೊಡೆ ತಟ್ಟಿ ಎದ್ದುನಿಂತ.

"ಛೇ, ಎಂಥ ಕೆಲಸ ಮಾಡಿದ ಉಸ್ತಾದ್! ಇನ್ನೊಂದು ಗಳಿಗೆ ನಿಂತಿದ್ದರೆ ಮಾತೂ ಸಿಗುತ್ತಿತ್ತು, ಮಾನವೂ ಉಳಿಯುತ್ತಿತ್ತು. ಅಷ್ಟೆಲ್ಲ ಹೊತ್ತು ತಂದು, ಕೊನೆಗೆ ಆ ಮಾತು ಬೇಕಾಗಿದ್ದವನ ಕಿವಿಗೇ ಬೀಳಲಿಲ್ಲವಲ್ಲ!"

ಉಸ್ತಾದರು ಗದೆಯನ್ನು ಎತ್ತಿಕೊಂಡು ಹೇಳಿದರು:

"ಬೇಕಾಗಿದ್ದವನ ಕಿವಿಗೇ ಬಿತ್ತು ದಾವಲ, ಆ ಹೊತ್ತಿಗೆ ಆ ಮಾತು ಬೇಕಾಗಿದ್ದದ್ದು ಸರದಾರನೊಬ್ಬನಿಗೇ."