ನಿಲ್ಲದ ಸೈಕಲ್ಲು

ಇಳಿಜಾರಿನ ಕೊನೆಯ ಚೌಕದಲ್ಲಿ 'ನಿಲ್ಲಿ' ಎಂಬ ಫಲಕವಿತ್ತು. ಹಳೆಯ ಸೈಕಲ್ಲೊಂದು ದಿನವೂ ಅದನ್ನು ದಾಟಿ ಬಾಣದಂತೆ ಹೋಗುತ್ತಿತ್ತು. "ನಿಲ್ಲುವುದು ಭಾರದವರ ಕೆಲಸ, ಹಗುರದವರದಲ್ಲ," ಎಂದು ಬೀಗುತ್ತಿತ್ತು.

ಒಂದು ದಿನ ಪೊಲೀಸ್ ಕುದುರೆ ಬೆನ್ನಟ್ಟಿ ಬಂದು, ಮುಂದಿನ ಏರಿನಲ್ಲಿ ಅದನ್ನು ಅಡ್ಡಗಟ್ಟಿತು.

"ಫಲಕ ಕಾಣಲಿಲ್ಲವೇನಯ್ಯಾ?"

"ಕಂಡಿತು ಸ್ವಾಮಿ. ಕಡಿವಾಣ ಕಚ್ಚಿದವರಿಗೆ ನಿಂತು ಅಭ್ಯಾಸ. ನನಗೇಕೆ?"

ಕುದುರೆ ಸಿಟ್ಟಾಗಲಿಲ್ಲ. "ಮತ್ತೆ ಮೇಲಿನಿಂದ ಇಳಿದು, ಫಲಕದ ಬಳಿ ಒಮ್ಮೆ ನಿಂತು ತೋರಿಸು. ಇಲ್ಲವಾದರೆ ಚಕ್ರದ ಗಾಳಿ ತೆಗೆಸುತ್ತೇನೆ."

ಸೈಕಲ್ಲು ತಿರುಗಿ ನೋಡಿತು. ಚೌಕದಲ್ಲಿ ಕೋಳಿಯೊಂದು ಮರಿಗಳೊಡನೆ ರಸ್ತೆ ದಾಟುತ್ತಿತ್ತು. ಸೈಕಲ್ಲಿನ ಬಿಂಕ ಇಳಿಯಿತು.

"ಗಾಳಿಯನ್ನೇ ತೆಗೆಸಿ ಸ್ವಾಮಿ. ನನ್ನ ಬ್ರೇಕು ಸವೆದು ಎರಡು ವರ್ಷವಾಯಿತು. ದಿನವೂ ಇಲ್ಲಿ ಜೀವ ಕೈಯಲ್ಲಿ ಹಿಡಿದೇ ಇಳಿಯುತ್ತೇನೆ. ಹೇಳಿಕೊಳ್ಳಲು ನಾಚಿಕೆ."

"ಅಯ್ಯೋ ಮಾರಾಯ, ಇದನ್ನು ಮುಚ್ಚಲು ಅಷ್ಟೊಂದು ಜಂಬವೇ!" ಎಂದ ಕುದುರೆ ಗಾಳಿ ತೆಗೆಸಲಿಲ್ಲ. ರಿಪೇರಿ ಅಂಗಡಿಯವರೆಗೂ ಸೈಕಲ್ಲಿನ ಜೊತೆಯಲ್ಲೇ ನಡೆಯಿತು.

ಮರುದಿನ ಸೈಕಲ್ಲು ಇಳಿದು ಬಂದು ಫಲಕದ ಮುಂದೆ ನಿಂತಿತು. ರಸ್ತೆ ಖಾಲಿಯಿದ್ದರೂ ಕದಲಲಿಲ್ಲ. ಹಿಂದಿದ್ದ ಆಟೋ ರೇಗಿ ಕೂಗಿತು, "ಹೋಗಯ್ಯಾ ಮುಂದೆ!"

"ಸ್ವಲ್ಪ ತಾಳಯ್ಯಾ," ಎಂದಿತು ಸೈಕಲ್ಲು, "ನಿಂತಿದ್ದೇನೆ."