ಯಾರಿಗೂ ಹೊಂದದ ತೋಟೆ

“ಗುರುಗಳೇ, ಎಲ್ಲರೂ ಸೇದುವ ಬಾವಿಯೇ ಮೊದಲು ಬತ್ತುತ್ತದೆ. ಹಾಗಿರುವಾಗ ಯಾರೂ ಹೋಗದ ಬಾವಿಯೊಂದನ್ನು ಮೊದಲೇ ನೋಡಿಟ್ಟುಕೊಳ್ಳುವುದು ಜಾಣತನವಲ್ಲವೇ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಸಿದ್ಧವೀರ. ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಮಠದ ಬಾವಿ ತಳ ಕಂಡಿತ್ತು. ನೀರನ್ನು ಅಳೆದು ಹಂಚುತ್ತಿದ್ದರು. ಗುಡ್ಡದ ಹಿಂದೆ, ಬಂಡೆಗಳ ಸಂದಿಯಲ್ಲಿ ಒಂದು ಸಣ್ಣ ಒರತೆ ಸಿದ್ಧವೀರನ ಕಣ್ಣಿಗೆ ಬಿದ್ದಿತ್ತು. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಹೋಗಿ ತನ್ನ ತಂಬಿಗೆ ತುಂಬಿಸಿಕೊಂಡು ಬರುತ್ತಿದ್ದ.

ಗುರುಗಳು ಅವನ ಕಾಲಿನ ಕಡೆ ನೋಡಿದರು. ಪಾದಕ್ಕೆ ಹಸಿ ಮಣ್ಣು ಮೆತ್ತಿಕೊಂಡಿತ್ತು. ಕುಳಿತುಕೊಳ್ಳುವಂತೆ ಸನ್ನೆ ಮಾಡಿ ಈ ಕತೆ ಹೇಳಿದರು.

ಕಾಡಿನ ಅಂಚಿನಲ್ಲಿ ಒಂದು ಊರು. ಹಂದಿಗಳ ಕಾಟ ತಪ್ಪಿದ್ದಲ್ಲ, ಆದ್ದರಿಂದ ಮನೆಗೊಂದು ಕೋವಿ. ಎಲ್ಲರ ಕೋವಿಯ ನಳಿಗೆಯೂ ಒಂದೇ ಅಳತೆ. ಒಬ್ಬರ ಮನೆಯ ಮದ್ದುಗುಂಡಿನ ತೋಟೆ ಇನ್ನೊಬ್ಬರ ಕೋವಿಗೆ ಸರಿಯಾಗಿ ಕೂರುತ್ತಿತ್ತು. ಸಾರಿಗೆ ಉಪ್ಪು ಸಾಲದಿದ್ದರೆ ಪಕ್ಕದ ಮನೆಗೆ ಹೋಗುವಂತೆ, ಹಂದಿ ಗದ್ದೆಗಿಳಿದಾಗ ತೋಟೆ ಮುಗಿದಿದ್ದರೆ ಪಕ್ಕದ ಮನೆಗೆ ಓಡುತ್ತಿದ್ದರು. ಕೇಳಲು ನಾಚಿಕೆಯಿರಲಿಲ್ಲ, ಕೊಡಲು ಬೇಸರವಿರಲಿಲ್ಲ.

ಆ ಊರಿಗೆ ಇನ್ನೊಂದು ಪದ್ಧತಿಯಿತ್ತು. ಮನೆಗಳು ದೂರ ದೂರ. ಒಂದು ಮನೆಯ ಕೂಗು ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಕೋವಿಯಿಂದ ಎರಡು ಈಡು ಹೊಡೆಯಬೇಕು, ಒಂದರ ಬೆನ್ನಿಗೆ ಇನ್ನೊಂದು. ಕೇಳಿದವರು ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಸದ್ದು ಬಂದ ಮನೆಗೆ ಹೊರಡುತ್ತಿದ್ದರು. ಹೆಗಲು ಕೊಡುವವರು, ಅಳುವವರು, ಗಂಜಿ ಬೇಯಿಸುವವರು ಎಲ್ಲರೂ ಹಾಗೆಯೇ ಬರುತ್ತಿದ್ದರು. ಒಂದೇ ಈಡಾದರೆ ಅದು ಹಂದಿಗೆ. ಅದಕ್ಕೆ ಯಾರೂ ತಲೆಯೆತ್ತುತ್ತಿರಲಿಲ್ಲ.

ಆ ಊರಿನಲ್ಲಿ ಒಬ್ಬ ರೈತನಿದ್ದ. ಮನೆಯಲ್ಲಿ ಅವನು, ಅವನ ಹೆಂಡತಿ, ಇಬ್ಬರೇ. ರೈತನಿಗೆ ತಲೆ ಚುರುಕು. ಹಾಗೆಂದು ಅವನಿಗೂ ಗೊತ್ತಿತ್ತು, ತೊಂದರೆಯಿದ್ದದ್ದು ಅಲ್ಲಿಯೇ. ಒಂದು ವರ್ಷ ಪೇಟೆಯ ಅಂಗಡಿಯಲ್ಲಿ ಕೆಲವು ದಿನ ತೋಟೆ ಸಿಗಲಿಲ್ಲ. ಊರಿನವರು ಬರಿಗೈಯಲ್ಲಿ ವಾಪಸು ಬಂದರು. ರೈತ ಮಾತ್ರ ಅಂಗಡಿಯೊಳಗೆ ನಿಂತು ಸುತ್ತ ನೋಡಿದ. ಮೇಲಿನ ಹಲಗೆಯ ಮೇಲೆ ಧೂಳು ಹಿಡಿದ ಪೆಟ್ಟಿಗೆಗಳು ಸಾಲಾಗಿದ್ದವು. ಅವು ಬೇರೆ ಅಳತೆಯ ತೋಟೆಗಳು; ಆ ಸೀಮೆಯಲ್ಲಿ ಯಾರೂ ಕೇಳುವವರಿರಲಿಲ್ಲ.

ರೈತ ದಾರಿಯುದ್ದಕ್ಕೂ ಯೋಚಿಸಿದ. ನಾಳೆ ನಿಜವಾದ ಕೊರತೆ ಬಂದರೆ ಎಲ್ಲರೂ ಒಂದೇ ಅಳತೆಗೆ ಮುಗಿಬೀಳುತ್ತಾರೆ. ಆಗ ಈ ಪೆಟ್ಟಿಗೆಗಳನ್ನು ಮುಟ್ಟುವವರೇ ಇರುವುದಿಲ್ಲ. ಮುಟ್ಟುವವನು ತಾನೊಬ್ಬನೇ. ಈ ಯೋಚನೆ ಅವನಿಗೆ ಬಹಳ ಹಿಡಿಸಿತು. ಅಪ್ಪನ ಕಾಲದ ಕೋವಿಯನ್ನು ಮಾರಿದ. ಬೇಟೆಯ ಹುಚ್ಚು ಬಿಟ್ಟಿದ್ದ ಒಬ್ಬ ಸಾಹುಕಾರನಿಂದ ಆ ಬೇರೆ ಅಳತೆಯ ಕೋವಿಯನ್ನೂ, ಅಂಗಡಿಯಿಂದ ಆ ಧೂಳಿನ ಪೆಟ್ಟಿಗೆಗಳನ್ನೂ ತಂದ.

ಹೆಂಡತಿ ಒಂದು ತೋಟೆಯನ್ನು ಕೈಗೆತ್ತಿಕೊಂಡು ನೋಡಿದಳು. “ಪಕ್ಕದ ಮನೆಯವರದ್ದು ಈ ಕೋವಿಗೆ ಆಗ್ತದಾ?” ಎಂದು ಕೇಳಿದಳು.

“ಆಗಲ್ಲ. ನಮ್ಮದು ಅವರಿಗೂ ಆಗಲ್ಲ. ಅದಕ್ಕೇ ತಂದದ್ದು” ಎಂದ ರೈತ.

“ಹಾಗಾದ್ರೆ ಎರಡು ಬೇರೆ ಎತ್ತಿಡಿ. ಏನೇ ಆದ್ರೂ ಅವೆರಡನ್ನು ಮುಟ್ಟಬೇಡಿ” ಎಂದಳು. ಎರಡೇ ಏಕೆ ಎಂದು ರೈತ ಕೇಳಲಿಲ್ಲ. ಆಗಲಿ ಎಂದು ಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಟ್ಟ.

ಎರಡು ವರ್ಷಕ್ಕೆ ಕೊರತೆ ಬಂತು. ಪೇಟೆಯ ಅಂಗಡಿ ಬರಿದಾಯಿತು, ತಿಂಗಳುಗಟ್ಟಲೆ ಹಾಗೆಯೇ ಇತ್ತು. ರೈತನ ಮನೆಯಲ್ಲಿ ಮಾತ್ರ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ಹಳೆಯ ರೂಢಿಯಿಂದ ಕೆಲವರು ಬಂದು ಎರಡು ತೋಟೆ ಕೇಳಿದರು. ರೈತ ಪೆಟ್ಟಿಗೆಯನ್ನೇ ತೆರೆದು ತೋರಿಸಿದ. ಅವರು ನೋಡಿ, ತಲೆಯಾಡಿಸಿ ಹೋದರು. ಇಲ್ಲ ಎನ್ನುವ ಕೆಲಸವನ್ನು ತೋಟೆಯೇ ಮಾಡುತ್ತಿತ್ತು, ಬಾಯಿ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ರೈತನಿಗೆ ಅದರಿಂದ ಹಗುರವೆನಿಸಿತು. ಹಾಗೆ ಹಗುರವಾದದ್ದಕ್ಕೆ ಒಳಗೊಳಗೇ ಸ್ವಲ್ಪ ನಾಚಿಕೆಯೂ ಆಯಿತು.

ಆಮೇಲೆ ಊರಿನವರು ಒಂದು ಉಪಾಯ ಮಾಡಿದರು. ಪ್ರತಿ ಮನೆಯವರೂ ಉಳಿದಿದ್ದ ತೋಟೆಗಳನ್ನು ತಂದು ಒಂದೇ ಮೊರಕ್ಕೆ ಸುರಿದರು. ನಾಲ್ಕು ಕೋವಿಗಳು ಸಾಕು, ಸರದಿಯ ಮೇಲೆ ಇಡೀ ಬಯಲನ್ನು ಕಾಯೋಣ ಎಂದು ತೀರ್ಮಾನಿಸಿದರು. ರೈತನೂ ಹೋಗಿದ್ದ. ಅವನ ತೋಟೆಗಳನ್ನು ಆ ಮೊರಕ್ಕೆ ಹಾಕುವಂತಿರಲಿಲ್ಲ. “ನಿಂಗೇನಪ್ಪ, ನಿಂದು ನಿನ್ನತ್ರ ಇದೆಯಲ್ಲ” ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ. ಸರದಿಯಲ್ಲಿ ಅವನನ್ನು ಸೇರಿಸುವುದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಆ ಬೆಳೆಗೆ ರೈತ ಒಬ್ಬನೇ ಕಾವಲು ಕೂತ. ಬಯಲಿನ ಆಚೆ ಕಾವಲಿನ ಮಾಳದಲ್ಲಿ ನಾಲ್ಕು ಜನ ಮಾತಾಡಿ ನಗುವುದು ಸಂಜೆಯ ಗಾಳಿಯಲ್ಲಿ ಕೇಳಿಸುತ್ತಿತ್ತು. ಏನು ಮಾತು ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಅವರು ಅಟ್ಟಿದ ಹಂದಿಗಳು ಇವನ ಗದ್ದೆಗೇ ನುಗ್ಗುತ್ತಿದ್ದವು. ಹಳೆಯ ಸರಕಾದ್ದರಿಂದ ಹತ್ತರಲ್ಲಿ ಒಂದು ತೋಟೆ ಹಾರುತ್ತಿರಲಿಲ್ಲ. ಆಗ ಬೈದುಕೊಂಡು ಇನ್ನೊಂದನ್ನು ತುಂಬುತ್ತಿದ್ದ. ಬೆಳೆ ಉಳಿಯಿತು. ತನ್ನ ಲೆಕ್ಕಾಚಾರ ಎಷ್ಟು ಸರಿಯಾಯಿತೆಂದು ಯಾರಿಗಾದರೂ ಹೇಳಬೇಕೆನಿಸಿತು. ಆದರೆ ತೋಟೆ ಕೇಳುವ ನೆಪದಲ್ಲಿ ಬರುತ್ತಿದ್ದವರು ಈಗ ಬರುತ್ತಿರಲಿಲ್ಲ, ಅವನಿಗೂ ಯಾರ ಮನೆಗೂ ಹೋಗಲು ನೆಪವಿರಲಿಲ್ಲ.

ಕೊರತೆ ಮುಗಿದು ಅಂಗಡಿ ತುಂಬಿತು. ರೈತನ ಪೆಟ್ಟಿಗೆಗಳು ಆ ಹೊತ್ತಿಗೆ ತಳ ಮುಟ್ಟಿದ್ದವು. ಪೇಟೆಗೆ ಹೋಗಿ ಕೇಳಿದಾಗ ಅಂಗಡಿಯವನು, ಅದನ್ನು ಕೇಳುವವರು ನೀವೊಬ್ಬರೇ, ಒಬ್ಬರಿಗಾಗಿ ಯಾರೂ ತಯಾರಿಸುವುದಿಲ್ಲ, ನಿಲ್ಲಿಸಿಬಿಟ್ಟಿದ್ದಾರೆ ಎಂದ. ಬೇರೆ ಕೋವಿ ಕೊಳ್ಳಲು ಕೈಯಲ್ಲಿ ಹಣವಿರಲಿಲ್ಲ. ಮನೆಯಲ್ಲಿ ಉಳಿದದ್ದು ಅಟ್ಟದ ಮೇಲಿನ ಎರಡು ತೋಟೆ. ಮುಂದಿನ ಬೆಳೆಯನ್ನು ಹಂದಿಗಳು ಅವನ ಕಣ್ಣೆದುರಿಗೇ ಉತ್ತು ಹಾಕಿದವು. ರೈತ ಡಬ್ಬ ಬಡಿದ, ಕೂಗಿದ. ಅಟ್ಟಕ್ಕೆ ಮಾತ್ರ ಕೈ ಹಾಕಲಿಲ್ಲ. ಹೆಂಡತಿಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಂಡ, ಅದನ್ನು ಒಪ್ಪಲೇಬೇಕು.

ಒಂದು ದಿನ ಮಧ್ಯಾಹ್ನ, ಊಟಕ್ಕೆ ಬಡಿಸುತ್ತೇನೆಂದು ಎದ್ದ ಹೆಂಡತಿ ಹಾಗೆಯೇ ಕುಸಿದಳು. ರೈತ ನೀರು ತರುವಷ್ಟರಲ್ಲಿ ಜೀವ ಹೋಗಿತ್ತು.

ಬಹಳ ಹೊತ್ತು ಅವನು ಅವಳ ಪಕ್ಕದಲ್ಲೇ ಕೂತಿದ್ದ. ಆಮೇಲೆ ಎದ್ದು, ಅಟ್ಟದಿಂದ ಬಟ್ಟೆಯ ಗಂಟು ತೆಗೆದು, ಕೋವಿ ಹಿಡಿದು ಅಂಗಳಕ್ಕೆ ಬಂದ. ಮೊದಲನೆಯ ಈಡು ಹಾರಿತು. ಎರಡನೆಯದನ್ನು ತುಂಬಿ ಕೋವಿಯ ಕುದುರೆ ಎಳೆದ. ಟಕ್ಕೆಂದು ಸುಮ್ಮನಾಯಿತು. ತೆಗೆದು, ಒರೆಸಿ, ಮತ್ತೆ ತುಂಬಿ ಎಳೆದ. ಮತ್ತೆ ಟಕ್ಕೆಂದಿತು.

ಊರು ಒಂದು ಈಡು ಕೇಳಿತು. ಹಂದಿಗಿರಬೇಕು ಎಂದುಕೊಂಡಿತು. ಯಾರೂ ತಲೆಯೆತ್ತಲಿಲ್ಲ.

ರೈತ ದಾರಿ ಕಾದ. ನೆರಳು ಉದ್ದವಾಗತೊಡಗಿದಾಗ ಕೋವಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದು ಪಕ್ಕದ ಮನೆಗೆ ಹೋದ. ಆ ಮನೆಯ ಮುದುಕ ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದ. “ಒಂದು ಈಡು ಕೇಳ್ತು. ಹಂದಿ ಬಿತ್ತಾ ಮಾರಾಯ?” ಎಂದ. ರೈತ ಎರಡು ಬೆರಳು ಎತ್ತಿ ತೋರಿಸಿದ.

ಮುದುಕ ಬುಟ್ಟಿಯನ್ನು ಕೆಳಗಿಟ್ಟ. ಏನೂ ಕೇಳದೆ ಒಳಗೆ ಹೋಗಿ ಎರಡು ತೋಟೆ ತಂದು, ಹಿಂದೆ ಎಷ್ಟೋ ಸಲ ಕೊಟ್ಟ ಹಾಗೆಯೇ, ರೈತನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ರೈತ ಅಂಗೈ ಬಿಚ್ಚಿ ನೋಡಿದ. ಅವು ಅವನ ಅಪ್ಪನ ಕೋವಿಗೆ ಹೊಂದುತ್ತಿದ್ದ ತೋಟೆಗಳು. ಆಗ ಮುದುಕನಿಗೂ ನೆನಪಾಯಿತು. ಅವನ್ನು ವಾಪಸು ತೆಗೆದುಕೊಂಡು, ಹೊತ್ತು ಮುಳುಗುವ ಮೊದಲು ಜನ ಸೇರಬೇಕಲ್ಲ ಎಂಬ ಗಡಿಬಿಡಿಯಲ್ಲಿ, ತನ್ನ ಕೋವಿಗೆ ತುಂಬಿ ನಿಂತಲ್ಲೇ ಎರಡು ಈಡು ಹೊಡೆದ.

ಊರು ಹೊರಟಿತು. ಸದ್ದು ಬಂದದ್ದು ಮುದುಕನ ಅಂಗಳದಿಂದ, ಆದ್ದರಿಂದ ಎಲ್ಲರೂ ಅಲ್ಲಿಗೇ ಬಂದರು. ಹೆಂಗಸರು ದಾರಿಯಲ್ಲೇ ಅಳುತ್ತಾ ಬಂದು ಮುದುಕನ ಹೆಂಡತಿಯನ್ನು ತಬ್ಬಿಕೊಂಡರು. ಅವಳು ಗಟ್ಟಿಮುಟ್ಟಾಗಿ ನಿಂತಿದ್ದಳು. ಗಂಡಸರು ಮುದುಕನ ಹೆಗಲು ಹಿಡಿದು ಯಾರು, ಯಾರು ಎಂದು ಕೇಳಿದರು. ಅಂಗಳದ ಮೂಲೆಯಲ್ಲಿ ಹೊಂದದ ಕೋವಿ ಹಿಡಿದು ನಿಂತಿದ್ದವನ ಮುಖವನ್ನು ಯಾರೂ ನೋಡಲಿಲ್ಲ. ಆ ಅಳು ಯಾರಿಗೆ ಸಲ್ಲಬೇಕಿತ್ತೋ ಅವಳು ಮೇಲಿನ ಮನೆಯಲ್ಲಿ, ತೆರೆದ ಬಾಗಿಲಿನೊಳಗೆ, ಒಬ್ಬಳೇ ಮಲಗಿದ್ದಳು.

“ನಮ್ಮ ಮನೆಯಲ್ಲಿ” ಎಂದ ರೈತ. ಅದನ್ನು ಅವನು ಎರಡು ಸಲ ಹೇಳಬೇಕಾಯಿತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಸಿದ್ಧವೀರ ನೆಲ ನೋಡುತ್ತಾ ಕೂತಿದ್ದ. “ಆದರೂ ಗುರುಗಳೇ, ಕೊರತೆ ಬರುತ್ತದೆಂದು ಅವನು ಎಣಿಸಿದ್ದು ಸುಳ್ಳಾಗಲಿಲ್ಲವಲ್ಲ” ಎಂದ.

“ಸುಳ್ಳಾಗಲಿಲ್ಲ” ಎಂದರು ಗುರುಗಳು. ಅವನ ಪಾದದ ಮಣ್ಣು ಆಗಲೇ ಒಣಗತೊಡಗಿತ್ತು. ಅದನ್ನೇ ನೋಡುತ್ತಾ ಕೇಳಿದರು: “ನಿನ್ನ ಒರತೆಯ ಬಳಿ ನೀನು ಜಾರಿ ಬಿದ್ದ ದಿನ, ನಾವು ಯಾವ ಕಡೆ ಓಡಿ ಬರಬೇಕಪ್ಪಾ?”